ಹುಕ್ಕೇರಿಯಲ್ಲಿ ರದ್ದಾದ ಆರನೇ ಕೈ

೨೦೨೩ರ ಚಳಿಗಾಲ. ಗೋಕಾಕದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದ ನಾನು ನಿವೃತ್ತಳಾಗಿ ಒಂದು ವರ್ಷವಾಗಿತ್ತು. ನಿವೃತ್ತಿ ಎಂದರೆ ಪಗಾರ ನಿಂತಿತ್ತು, ಸೀಟಿ ಊದುವ ಚಟ ನಿಂತಿರಲಿಲ್ಲ. ಕೊಕ್ಕೊ, ವಾಲಿಬಾಲ್ ಅಂಗಳಗಳಿಗೆ ಮೊಣಕಾಲು ಒಲ್ಲೆ ಎಂದ ಮೇಲೆ ನಾನು ಚೆಸ್ ತೀರ್ಪುಗಾರಳಾಗಿದ್ದೆ. ಕೂತಲ್ಲೇ ಜಗಳ ಬಿಡಿಸುವ ಕೆಲಸ ನನಗೆ ಒಗ್ಗಿತು. ಆ ವರ್ಷ ನಮ್ಮ ಭಾಗದಲ್ಲಿ ಹೊಸದಾಗಿ ಹುಟ್ಟಿದ ಪೋಕರ್ ಕ್ರೀಡಾ ಸಂಘವೊಂದು ರಾಜ್ಯಮಟ್ಟದ ಪಂದ್ಯಕ್ಕೆ ತಂಡ ಆರಿಸಲು ಹೊರಟಿತು. ಮುಖ್ಯ ರೆಫ್ರಿ ಆಗುತ್ತೀರಾ ಎಂದು ನನ್ನನ್ನು ಕೇಳಿದರು. ಎರಡು ವಾರ ತರಬೇತಿ ಪಡೆದು, ಪರೀಕ್ಷೆ ಪಾಸು ಮಾಡಿ, ಒಪ್ಪಿಕೊಂಡೆ.

ಪೋಕರ್ ಎಂದ ಕೂಡಲೇ ನಮ್ಮ ಕಡೆ ಜನ ಧ್ವನಿ ಇಳಿಸಿ ಮಾತಾಡುತ್ತಾರೆ. ಇಸ್ಪೀಟು ಎಂದರೆ ಜೂಜು, ಜೂಜು ಎಂದರೆ ಪೊಲೀಸರು. ನಾನು ನಡೆಸಿದ್ದು ಆ ಬಗೆಯದಲ್ಲ. ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಅದರ ಹೆಸರು ಮ್ಯಾಚ್ ಪೋಕರ್. ನಾಲ್ಕು ಟೇಬಲ್, ಟೇಬಲ್ಲಿಗೆ ಆರು ಕುರ್ಚಿ. ನಾಲ್ಕೂ ಟೇಬಲ್‌ಗಳಿಗೆ ಒಂದೇ ರೀತಿ ಜೋಡಿಸಿಟ್ಟ ಎಲೆಗಳನ್ನು ಹಂಚುತ್ತೇವೆ. ಒಂದನೇ ಟೇಬಲ್ಲಿನ ಐದನೇ ಕುರ್ಚಿಗೆ ಬಂದ ಎಲೆಗಳೇ ಉಳಿದ ಮೂರು ಟೇಬಲ್ಲುಗಳ ಐದನೇ ಕುರ್ಚಿಗೂ ಬರುತ್ತವೆ. ಪ್ರತಿ ಕೈ ಮುಗಿದ ಮೇಲೆ ಎಲ್ಲರ ಚಿಪ್ಸ್, ಎಂದರೆ ಪಣಕ್ಕೆ ಇಡುವ ಪ್ಲಾಸ್ಟಿಕ್ ಬಿಲ್ಲೆಗಳನ್ನು, ಮತ್ತೆ ಸಮ ಮಾಡುತ್ತೇವೆ. ಒಂದು ಸಲ ಹಂಚಿ ಆಡಿ ಮುಗಿಸುವುದಕ್ಕೆ ಒಂದು ಕೈ ಎನ್ನುತ್ತೇವೆ. ಅದೇ ಎಲೆ ಹಿಡಿದು ನಾಲ್ಕು ಜನರಲ್ಲಿ ಯಾರು ಚೆನ್ನಾಗಿ ಆಡಿದರು ಎಂಬುದರ ಮೇಲೆ ಅಂಕ. ಹಣೆಬರಹದ ಮಾತೇ ಇಲ್ಲ, ಬುದ್ಧಿಯದೇ ಪರೀಕ್ಷೆ. ನ್ಯಾಯದ ಆಟ ಎಂದರೆ ಇದು ಎಂದು ನಾನು ಊರೆಲ್ಲ ಹೇಳಿಕೊಂಡು ಓಡಾಡಿದ್ದೆ.

ಗೋಕಾಕದಲ್ಲಿ ನಡೆದ ಮೊದಲ ಹಂತಕ್ಕೆ ನಾಲ್ಕು ಜನ ಹೆಂಗಸರು ಬಂದಿದ್ದರು. ಒಬ್ಬಳು ಮಧ್ಯಾಹ್ನ ಊಟದ ಹೊತ್ತಿಗೇ ಎದ್ದು ಹೋದಳು. ಪಕ್ಕದವನು ಪ್ರತಿ ಕೈಗೂ ಅವಳಿಗೆ ಪಾಠ ಹೇಳುತ್ತಿದ್ದನಂತೆ. ಇನ್ನಿಬ್ಬರು ಸೋತರು. ಹುಕ್ಕೇರಿಯ ಅಂತಿಮ ಆಯ್ಕೆಗೆ ಉಳಿದ ಇಪ್ಪತ್ನಾಲ್ಕು ಜನರಲ್ಲಿ ಹೆಣ್ಣು ಒಬ್ಬಳೇ, ಸುವರ್ಣಾ.

ಸುವರ್ಣಾ ಕುಲಗೋಡದ ಮಗಳು, ಮೂಡಲಗಿಯ ಸೊಸೆ. ಗಂಡನ ಮನೆಯವರದು ಭಾಂಡೆ ಅಂಗಡಿ, ಎಂದರೆ ಪಾತ್ರೆ ವ್ಯಾಪಾರ. ಗಲ್ಲೆಯ ಮೇಲೆ ಕೂತು ಚೌಕಾಶಿ ಮಾಡುವುದರಲ್ಲಿ ಅವಳನ್ನು ಮೀರಿಸಿದವರು ಆ ಪೇಟೆಯಲ್ಲಿ ಇರಲಿಲ್ಲ. ಬಾಯಿ ಜೋರು, ನಗು ಅದಕ್ಕಿಂತ ಜೋರು. ಇಸ್ಪೀಟು ಕಲಿತದ್ದು ಎಲ್ಲಿ ಎಂದು ನಾನು ಕೇಳಿದಾಗ ಅವಳು ಹೇಳಿದ್ದು ಇಷ್ಟು:

"ನಾಗರಪಂಚಮ್ಯಾಗರಿ. ಹೆಣ್ಮಕ್ಕಳು ಜೋಕಾಲಿ ಆಡ್ರಿ, ಗಂಡಸರು ಕಟ್ಟಿ ಮ್ಯಾಲ ಇಸ್ಪೀಟ ಆಡ್ತಾರ ಅಂತಿದ್ರು. ನನಗ ಜೋಕಾಲಿ ಹತ್ತಿದ್ರ ತಲಿ ತಿರಗತೈತ್ರಿ. ಅದಕ್ಕ ನಮ್ಮ ಕಾಕಾನ ಬೆನ್ನ ಹಿಂದ ಕುಂತು ಅವನ ಎಲಿ ನೋಡಕೋತ ಕಲತೆ."

ಅವಳ ಗಂಡ ಮಹಾಂತೇಶ ಒಳ್ಳೆಯವನು, ಆದರೆ ಅಣ್ಣಂದಿರ ಎದುರು ಬಾಯಿ ಬಿಡದವನು. ಸೊಸೆ ಎಲೆ ಹಿಡಿಯುವುದು ಮನೆಯಲ್ಲಿ ದೊಡ್ಡ ಮಾತಾಗಿತ್ತು. ಕೊನೆಗೆ ಮಾವ ಒಂದು ತೀರ್ಮಾನ ಹೇಳಿದ್ದರು. ರಾಜ್ಯದ ತಂಡಕ್ಕೆ ಆರಿಸಿ ಬಂದರೆ ಅದು ಆಟ ಎಂದು ಒಪ್ಪುತ್ತೇವೆ, ಇಲ್ಲದಿದ್ದರೆ ಅದು ಜೂಜು, ಮತ್ತೆ ಮುಟ್ಟಬಾರದು. ಹುಕ್ಕೇರಿಗೆ ಬಂದ ಬೆಳಿಗ್ಗೆ ಸುವರ್ಣಾ ಇದನ್ನು ನನಗೆ ನಗುತ್ತಲೇ ಹೇಳಿದಳು. "ಇವತ್ತ ಆರ ಮಂದ್ಯಾಗ ಬಂದ್ರ ನಾ ಆಟಗಾರ್ತಿರಿ, ಏಳನೇದಾಕಿ ಆದ್ರ ಜೂಜುಗಾರ್ತಿ." ತಂಡಕ್ಕೆ ಆರಿಸುವುದು ಮೊದಲ ಆರು ಜನರನ್ನು.

ಪಂದ್ಯ ನಡೆದದ್ದು ಒಂದು ಮದುವೆ ಮಂಟಪದಲ್ಲಿ. ನಾನು ಒಳಗೆ ಕಾಲಿಟ್ಟಾಗ ಬಾಗಿಲಲ್ಲಿ ನಿಂತಿದ್ದ ಆಟಗಾರನೊಬ್ಬ ನನ್ನ ಹೆಗಲ ಮೇಲಿಂದ ಆಚೆ ನೋಡಿ, "ರೆಫ್ರಿ ಸಾಹೇಬ್ರು ಬಂದ್ರೇನ್ರಿ?" ಎಂದು ಕೇಳಿದ. "ಬಂದಾರ. ನಿಮ್ಮ ಮುಂದ ನಿಂತಾರ," ಎಂದೆ. ಅವನು ನಗೆಚಾಟಿಕೆ ಎಂದುಕೊಂಡ.

ಸುವರ್ಣಾ ಕೂತದ್ದು ಮೂರನೇ ಟೇಬಲ್, ಐದನೇ ಕುರ್ಚಿ. ಅದೇ ಟೇಬಲ್ಲಿನ ಎರಡನೇ ಕುರ್ಚಿಯಲ್ಲಿ ಸಂಕೇಶ್ವರದ ವಕೀಲ ಶಿವಾನಂದ. ಒಳ್ಳೆಯ ಆಟಗಾರ, ಮಾತು ಬೆಣ್ಣೆ, ಸಂಘಕ್ಕೆ ಬೇಕಾದವನು. ಅವನು ಯಾರಿಗೂ ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಅವನು ಸುವರ್ಣಾಳನ್ನು ವೈನಿ ಎಂದು ಕರೆಯುತ್ತಿದ್ದ, ಅತ್ತಿಗೆ ಎಂಬ ಅರ್ಥದಲ್ಲಿ. "ವೈನಿ, ಮನ್ಯಾಗ ಸ್ವಯಂಪಾಕ ಯಾರು ಮಾಡ್ಯಾರ ಇವತ್ತ?" "ವೈನಿ, ಹಿಂಗ ಅವಸರ ಮಾಡಬಾರ್ದು, ಒಂದೀಟ ವಿಚಾರ ಮಾಡ್ರಿ." ಟೇಬಲ್ ನಗುತ್ತಿತ್ತು. ನಿಯಮದ ಪುಸ್ತಕದಲ್ಲಿ ಇದಕ್ಕೆ ಶಿಕ್ಷೆ ಇಲ್ಲ. ಬೈದರೆ ಹಳದಿ ಚೀಟಿ ಕೊಡಬಹುದು, ಅಕ್ಕರೆ ತೋರಿದರೆ ಏನು ಕೊಡುವುದು? ಎರಡು ಸಲ ಹೋಗಿ, ಆಟದ ನಡುವೆ ಮಾತು ಬೇಡ ಎಂದು ಎಚ್ಚರಿಸಿದೆ. "ಹೂಂನ್ರಿ ಮೇಡಂ, ತಪ್ಪಾತು," ಎಂದು ಕೈ ಮುಗಿದ. ನಾನು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ನಗು.

ಬೆಳಗಿನ ಸುತ್ತಿನಲ್ಲಿ ಅವನು ಎರಡು ಸಲ ಬರಿಗೈಯಲ್ಲಿ ಸುವರ್ಣಾಳನ್ನು ಹೆದರಿಸಿದ. ಪೋಕರ್‌ನಲ್ಲಿ ಇದಕ್ಕೆ ಬ್ಲಫ್ ಎನ್ನುತ್ತಾರೆ. ಕೈಯಲ್ಲಿ ಏನೂ ಇಲ್ಲದಿದ್ದರೂ ದೊಡ್ಡ ಎಲೆ ಇದ್ದವನಂತೆ ಚಿಪ್ಸ್ ನೂಕುವುದು. ಎದುರಿನವರು ಹೆದರಿ ಎಲೆ ಚೆಲ್ಲಿದರೆ ಗೆದ್ದ ಹಾಗೆ. ಎರಡೂ ಸಲ ಸುವರ್ಣಾ ಎಲೆ ಚೆಲ್ಲಿದಳು, ಎರಡೂ ಸಲ ಅವನು ತನ್ನ ಬರಿಗೈಯನ್ನು ಮಗುಚಿ ತೋರಿಸಿ, "ಹೆಣ್ಮಕ್ಕಳು ಭಾರೀ ಸೂಕ್ಷ್ಮ ನೋಡ್ರಿ," ಎಂದ. ಸುವರ್ಣಾ ಆಗ ನಗಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

ಕೊನೆಯ ಸುತ್ತು ಮಧ್ಯಾಹ್ನ ಶುರುವಾಯಿತು. ಸುತ್ತಿಗೆ ಎಂಟು ಕೈ. ಟೇಬಲ್ಲುಗಳು ತಮ್ಮ ತಮ್ಮ ವೇಗದಲ್ಲಿ ಆಡುತ್ತವೆ, ಒಂದು ಹಿಂದೆ, ಒಂದು ಮುಂದೆ. ಎಲೆಗಳು ಒಂದೇ ಆದ್ದರಿಂದ ಒಂದು ಟೇಬಲ್ಲಿನ ಸುದ್ದಿ ಇನ್ನೊಂದಕ್ಕೆ ಹೋಗಬಾರದು. ಅದಕ್ಕಾಗಿಯೇ ಸುತ್ತಿನ ನಡುವೆ ಯಾರಾದರೂ ಎದ್ದು ಹಾಲ್ ಬಿಟ್ಟು ಹೊರಗೆ ಹೋದರೆ ಜೊತೆಗೆ ಒಬ್ಬ ಅಧಿಕಾರಿ ಹೋಗಬೇಕು. ಗಂಡಸರ ಶೌಚಾಲಯ ಹಾಲಿನ ಒಳಗೇ ಇದ್ದುದರಿಂದ ಅವರಿಗೆ ಜೊತೆ ಬೇಡ ಎಂದು ಸಮಿತಿ ಮೊದಲೇ ಹೇಳಿಬಿಟ್ಟಿತ್ತು. ಅಂದು ಆ ಸುತ್ತಿನಲ್ಲಿ ಐದಾರು ಗಂಡಸರು ಎದ್ದು ಹೋಗಿ ಬಂದರು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಐದನೇ ಕೈ ಮುಗಿದಾಗ ಸುವರ್ಣಾ ಕೈ ಎತ್ತಿದಳು. ಬೆಳಿಗ್ಗೆಯಿಂದ ತಡೆದುಕೊಂಡಿದ್ದಳು. ಹೆಂಗಸರ ಶೌಚಾಲಯಕ್ಕೆ ಬೀಗ ಜಡಿದಿತ್ತು. ನಾನು ಬಂದ ಕೂಡಲೇ ಕೀಲಿ ಕೇಳಿದ್ದೆ. ಮಂಟಪದವನು, "ಕೀಲಿ ಇಟ್ಕೊಂಡಾಂವ ಸಂಕೇಶ್ವರಕ್ಕ ಹೋಗ್ಯಾನ್ರಿ ಮೇಡಂ. ಒಳಗರ ಏನೈತಿ, ಬರೇ ಅಡಗಿ ಹಂಡೆ ತುಂಬೇವಿ," ಎಂದಿದ್ದ. ನಾನೂ ಬೆಳಿಗ್ಗೆ ಒಮ್ಮೆ ಪಕ್ಕದ ಮನೆಗೇ ಹೋಗಿ ಬಂದಿದ್ದೆ. ಅಧಿಕಾರಿಗಳಲ್ಲಿ ಹೆಂಗಸು ನಾನೊಬ್ಬಳೇ ಆದ್ದರಿಂದ, ನನ್ನ ಸಹಾಯಕನನ್ನು ಟೇಬಲ್ ಬಳಿ ನಿಲ್ಲಿಸಿ, ಸುವರ್ಣಾಳ ಜೊತೆ ನಾನೇ ಹೊರಟೆ. ಹೊರಬಾಗಿಲಿಗೆ ಒಂದನೇ ಟೇಬಲ್ ದಾಟಿಯೇ ಹೋಗಬೇಕು. ಆ ಟೇಬಲ್ ಆಗಲೇ ಆರನೇ ಕೈ ಮುಗಿಸಿತ್ತು.

ದಾರಿಯಲ್ಲಿ ಆಟದ ಬಗ್ಗೆ ಮಾತಾಡುವಂತಿಲ್ಲ, ಇಬ್ಬರೂ ಆಡಲಿಲ್ಲ. ಬೀಗ ಹಾಕಿದ ಬಾಗಿಲ ಪಕ್ಕದ ಒಡೆದ ಕಿಟಕಿಯಲ್ಲಿ ಇಣುಕಿ ಸುವರ್ಣಾ, "ಅಯ್ಯ ಮೇಡಂ, ಅದರಾಗ ಎರಡು ಹಂಡೆ ನಮ್ಮ ಅಂಗಡೀವ ಅದಾವ್ರಿ," ಎಂದಳು. ಪಕ್ಕದ ಮನೆಯ ಮುದುಕಿ ನಮ್ಮನ್ನು ಒಳಗೆ ಕರೆದು, ಬಕೆಟ್ಟಿಗೆ ನೀರು ಹಾಕಿ ಕೊಟ್ಟಳು. "ಏನ್ ಆಟ ಐತವ್ವಾ ಅಲ್ಲಿ?" ಎಂದು ಕೇಳಿದಳು. ಇಸ್ಪೀಟು ಎಂದೆ. "ಹೆಣ್ಮಕ್ಕಳೂ ಆಡ್ತಾರ?" ಎಂದು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಹತ್ತು ನಿಮಿಷವೂ ಆಗಿರಲಿಲ್ಲ, ಹಿಂದಿರುಗಿದೆವು. ಹೋಗುವಾಗಲೂ ಬರುವಾಗಲೂ ಒಂದನೇ ಟೇಬಲ್ಲಿನ ಬದಿಯಲ್ಲಿ ನಾನು ನಡೆದೆ, ಅವಳು ಗೋಡೆಯ ಬದಿಯಲ್ಲಿ. ಅದು ಅಭ್ಯಾಸದಿಂದಲೇ ಮಾಡುವ ಕೆಲಸ.

ಆರನೇ ಕೈ ಹಂಚಿದರು. ನಾನು ಮೂರನೇ ಟೇಬಲ್ಲಿನ ಹತ್ತಿರವೇ ನಿಂತಿದ್ದೆ. ಈ ಆಟದಲ್ಲಿ ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ ಗುಟ್ಟಾಗಿರುತ್ತವೆ. ನಡುವೆ ಐದು ಎಲೆ ಎಲ್ಲರಿಗೂ ಕಾಣುವಂತೆ ಒಂದೊಂದಾಗಿ ಬೀಳುತ್ತವೆ. ಅಂದು ನಡುವೆ ಬಿದ್ದದ್ದು ಎಕ್ಕ, ರಾಜ, ಒಂಬತ್ತು, ನಾಲ್ಕು, ಎರಡು. ಉಳಿದವರು ಎಲೆ ಚೆಲ್ಲಿದ್ದರು. ಸುವರ್ಣಾಳ ಕೈಯಲ್ಲಿ ಇನ್ನೊಂದು ಒಂಬತ್ತಿತ್ತು, ಅಂದರೆ ಒಂಬತ್ತರ ಜೋಡಿ. ಎದುರಿನವನ ಬಳಿ ಒಂದು ಎಕ್ಕವೋ ರಾಜನೋ ಇದ್ದರೆ ಅವಳ ಕತೆ ಮುಗಿಯಿತು. ಕೊನೆಯ ಎಲೆ ಬಿದ್ದ ಮೇಲೆ ಶಿವಾನಂದ ತನ್ನ ಚಿಪ್ಸನ್ನೆಲ್ಲ ಮುಂದೆ ನೂಕಿದ. ನೂಕಿ, ಮೆಲ್ಲಗೆ, ಅಣ್ಣ ತಂಗಿಗೆ ಬುದ್ಧಿ ಹೇಳುವ ಹಾಗೆ, "ವೈನಿ, ಬಿಟ್ಟಬಿಡ್ರಿ. ಸುಮ್ಮ ಲುಕ್ಸಾನ ಮಾಡ್ಕೋಬ್ಯಾಡ್ರಿ," ಎಂದ.

ಸುವರ್ಣಾ ಅವನನ್ನು ಒಂದು ಕ್ಷಣ ನೋಡಿದಳು. ತನ್ನ ಚಿಪ್ಸನ್ನೂ ಪೂರ್ತಿ ನೂಕಿದಳು. ಅವನು ಎಲೆ ಮಗುಚಿದ. ರಾಣಿ, ಗುಲಾಮ. ಜೋಡಿಯೇ ಇಲ್ಲ, ಬರಿಗೈ.

ಬೆಳಿಗ್ಗೆ ಅವನು ಬರಿಗೈ ತೋರಿಸಿದಾಗ ನಕ್ಕ ಜನ ಈಗ ಅವಳು ಗೆದ್ದಾಗ ನಗಲಿಲ್ಲ. ಶಿವಾನಂದನ ಮುಖ ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು, ಆಮೇಲೆ ಅವನು ಬಹಳ ವಿನಯದಿಂದ ಕೈ ಎತ್ತಿದ.

"ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ. ಎಕ್ಕಾ, ರಾಜಾ ಬಿದ್ದ ಮ್ಯಾಲ ಬರೇ ಒಂಬತ್ತರ ಜೋಡಿ ಹಿಡಕೊಂಡು ಯಾರೂ ಹೂಂ ಅನ್ನಂಗಿಲ್ಲ. ಇವರು ಈಗರ ಹೊರಗ ಹೋಗಿ ಬಂದಾರ. ಒಂದನೇ ಟೇಬಲ್ದಾವ್ರು ಈ ಕೈ ಆಡಿ ಮುಗಿಸ್ಯಾರ. ನಾ ಯಾರ ಮ್ಯಾಲೂ ಆರೋಪ ಮಾಡಾಕತ್ತಿಲ್ಲ. ವಿಚಾರಣೆ ಆಗ್ಲಿ ಅಷ್ಟ."

ನಾನು ಸುವರ್ಣಾಳ ಜೊತೆಗೇ ಇದ್ದೆ, ಅವಳು ಯಾರೊಂದಿಗೂ ಮಾತಾಡಿಲ್ಲ ಎಂದೆ. ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಸಂಘದ ಕಾರ್ಯದರ್ಶಿ ಅಣ್ಣಪ್ಪ ನಿಯಮದ ಪುಸ್ತಕ ಹಿಡಿದು ಬಂದರು. ಹುಕ್ಕೇರಿಯವರೇ, ಯಾರ ಮನಸ್ಸನ್ನೂ ನೋಯಿಸಲು ಬಯಸದ ಮನುಷ್ಯ. ಅಂಥವರು ಕೊನೆಗೆ ಯಾರ ಮನಸ್ಸನ್ನು ನೋಯಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು.

"ಮೇಡಂ, ಈಗ ನೀವು ಸಾಕ್ಷಿ ಆದ್ರಿ. ಸಾಕ್ಷಿ ಆದಾವ್ರು ತೀರ್ಪ ಕೊಡಾಕ ಬರಂಗಿಲ್ಲ," ಎಂದರು. ನಿಯಮ ಹಾಗೆಯೇ ಇದೆ. ನಾನೇ ತರಬೇತಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ.

ಅಣ್ಣಪ್ಪನವರೂ ಸಂಘದ ಇನ್ನಿಬ್ಬರು ಹಿರಿಯರೂ ಕೂತು ವಿಚಾರಣೆ ಮಾಡಿದರು. ಸುವರ್ಣಾಳನ್ನು ನಡುವೆ ನಿಲ್ಲಿಸಿದರು. ಯಾಕೆ ಹೂಂ ಅಂದೆ ಎಂದು ಕೇಳಿದರು.

"ಬೆಳಿಗ್ಗಿಂದ ನೋಡಾಕತ್ತೇನ್ರಿ," ಎಂದಳು ಅವಳು. "ಖರೇ ಎಲಿ ಇದ್ದಾಗ ವಕೀಲ್ರು ನನಗ ಏನೂ ಹೇಳಂಗಿಲ್ಲ, ಸುಮ್ಮ ಕುಂದ್ರತಾರ. ಸುಳ್ಳ ಇದ್ದಾಗ ಅಷ್ಟ ವೈನಿ, ಬಿಡ್ರಿ ಅಂತ ಬುದ್ಧಿ ಹೇಳ್ತಾರ. ಅಂಗಡ್ಯಾಗ ನಾ ಇಂಥಾ ಗಿರಾಕಿ ದಿನಾ ನೋಡ್ತೇನಿ. ಖರೇನ ಹೋಗಾಂವ ಎದ್ದ ಹೋಗ್ತಾನ. ಹೋಗಾಂವ ಅಲ್ಲದಾಂವ ಬಾಗಲ್ದಾಗ ನಿಂತು ನನಗ ವ್ಯಾಪಾರ ಕಲಸ್ತಾನ."

ನನಗೆ ಹೆಮ್ಮೆಯಾಯಿತು. ಇಪ್ಪತ್ತು ವರ್ಷ ಆಟ ನೋಡಿದ ನನಗೂ ಆ ಗುಟ್ಟು ಹೊಳೆದಿರಲಿಲ್ಲ. ಆದರೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಂಗ ಮುಖ ನೋಡಿ ತಿಳಿತೈತೇನವಾ ತಂಗಿ?" ಎಂದರು ಒಬ್ಬರು. ಗಂಡಸರು ಮುಖ ನೋಡಿ ಆಡಿದರೆ ಅದಕ್ಕೆ ಅನುಭವ ಎಂದು ಹೆಸರು.

ಆಗ ನಾನು ಎದ್ದು ನಿಂತೆ. ಸಾಕ್ಷಿಗೆ ಮಾತಾಡುವ ಹಕ್ಕಾದರೂ ಇತ್ತಲ್ಲ. ಉಳಿದ ಮೂರು ಟೇಬಲ್ಲುಗಳಲ್ಲಿ ಇದೇ ಆರನೇ ಕೈ ಹೇಗೆ ಮುಗಿದಿದೆ ಎಂದು ನೋಡಿ ಎಂದೆ. ಆ ಮೂರರಲ್ಲೂ ಎರಡನೇ ಕುರ್ಚಿಗೆ ಅದೇ ರಾಣಿ, ಗುಲಾಮ ಬಂದಿದ್ದವು. ಮೂವರೂ ಕೊನೆಗೆ ಸುಮ್ಮನೆ ಎಲೆ ಚೆಲ್ಲಿದ್ದರು. ಅವರ ಎದುರು ಒಂಬತ್ತು ಹಿಡಿದು ಕೂತವರು ಗಂಡಸರು. ನಾಲ್ವರು ಅದೇ ಎಲೆ ಹಿಡಿದರೂ ಎಲ್ಲ ಚಿಪ್ಸ್ ನೂಕಿದವನು ಒಬ್ಬನೇ, ಹೆಂಗಸಿನ ಎದುರು ಕೂತವನು. "ಇವಳು ಯಾಕ ಹೂಂ ಅಂದ್ಲು ಅಂತ ಕೇಳಾಕತ್ತೀರಿ. ಅವರು ಇವಳ ಮುಂದ ಅಷ್ಟ ಯಾಕ ನೂಕಿದ್ರು ಅಂತ ಯಾರರ ಕೇಳ್ರಿ," ಎಂದೆ.

ಶಿವಾನಂದ ನಕ್ಕ. "ಆಟರಿ ಮೇಡಂ, ಆಟದಾಗ ಬ್ಲಫ್ ಮಾಡೋದು ಅಪರಾಧ ಏನ್ರಿ?" ಹಿರಿಯರೂ ನಕ್ಕರು. ಅವನು ಸುಳ್ಳು ಆಡಿದರೆ ಆಟ, ಅವಳು ಆ ಸುಳ್ಳನ್ನು ಹಿಡಿದರೆ ಕಳ್ಳತನ. ನನಗೆ ಆ ಹೊತ್ತು ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಪಕ್ಕದ ಮನೆಯ ಮುದುಕಿಯನ್ನು ಕರೆದು ಕೇಳಿ ಎಂದೆ. ಒಬ್ಬರು ಮೆಲ್ಲಗೆ, "ಮತ್ತೊಂದು ಹೆಣ್ಮಗಳೇನ್ರಿ?" ಎಂದರು. ಅವಳನ್ನು ಕರೆಯಲಿಲ್ಲ. ಎದ್ದು ಹೋಗಿ ಬಂದ ಐದಾರು ಗಂಡಸರ ಮಾತನ್ನೂ ಯಾರೂ ಎತ್ತಲಿಲ್ಲ, ನಾನು ಎತ್ತಿದಾಗ ಅವರು ಹಾಲಿನ ಒಳಗೇ ಇದ್ದರಲ್ಲ ಎಂದರು. ಬೀಗ ಹಾಕಿದವರು ಯಾರು, ಹೊರಗೆ ಹೋಗುವ ಹಾಗೆ ಮಾಡಿದವರು ಯಾರು ಎಂಬುದು ವಿಚಾರಣೆಯ ವಿಷಯವೇ ಆಗಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ತೀರ್ಪು ಹೇಗಿರುತ್ತದೋ ಹಾಗೆಯೇ ಬಂತು. ಸುವರ್ಣಾಳ ಮೇಲೆ ಯಾವ ಆರೋಪವೂ ಸಾಬೀತಾಗಿಲ್ಲ. ಆದರೆ ಅನುಮಾನಕ್ಕೆ ಎಡೆಯಾಗಬಾರದೆಂದು ಆರನೇ ಕೈಯನ್ನು ನಾಲ್ಕೂ ಟೇಬಲ್ಲುಗಳಲ್ಲಿ ರದ್ದು ಮಾಡಲಾಗಿದೆ.

ಸುವರ್ಣಾ ಕೇಳಿದಳು, "ನನ್ನ ತಪ್ಪಿಲ್ಲಂದ್ರ ಕೈ ಯಾಕ ರದ್ದ ಮಾಡಿದ್ರಿ?"

"ಎಲ್ಲಾರಿಗೂ ಸಮಾಧಾನ ಆಗಬೇಕಲ್ಲವಾ ತಂಗಿ," ಎಂದರು ಅಣ್ಣಪ್ಪ.

"ಎಲ್ಲಾರೊಳಗ ನಾ ಇಲ್ಲೇನ್ರಿ?"

ಅಣ್ಣಪ್ಪ ನಿಯಮದ ಪುಸ್ತಕ ಮುಚ್ಚಿದರು. ಉಳಿದ ಎರಡು ಕೈ ಆಡಿದರು. ಸುವರ್ಣಾ ಸರಿಯಾಗಿಯೇ ಆಡಿದಳು, ಆದರೆ ಬಾಯಿ ಮುಚ್ಚಿಕೊಂಡು. ಅಂಕ ಕೂಡಿಸಿ ನೋಡಿದಾಗ ಆರನೆಯವನು ಶಿವಾನಂದ, ಏಳನೆಯವಳು ಸುವರ್ಣಾ. ಆ ಕೈ ಉಳಿದಿದ್ದರೆ ಅವಳು ನಾಲ್ಕನೆಯವಳಾಗುತ್ತಿದ್ದಳು. ಅದನ್ನು ಲೆಕ್ಕ ಹಾಕಿದವಳು ನಾನೇ, ಘೋಷಿಸಬೇಕಾದವಳೂ ನಾನೇ. ಮೈಕು ಹಿಡಿದು ಓದಿದೆ.

ಇದರ ಮೇಲೆ ಇನ್ನೊಂದು ಬಹುಮಾನವಿತ್ತು, ಉತ್ತಮ ಮಹಿಳಾ ಆಟಗಾರ್ತಿ. ಇದ್ದವಳೇ ಒಬ್ಬಳು. ವೇದಿಕೆಗೆ ಕರೆದು ಸ್ಟೀಲಿನ ಡಬ್ಬಿಯೊಂದನ್ನು ಕೈಗಿಟ್ಟರು, ಚಪ್ಪಾಳೆ ಜೋರಾಗಿಯೇ ಬಿತ್ತು. ಶಿವಾನಂದನೂ ಮನಃಪೂರ್ವಕ ತಟ್ಟಿದ. ಕೆಳಗಿಳಿದು ಬಂದು ಸುವರ್ಣಾ ಆ ಡಬ್ಬಿಯ ತಳವನ್ನು ಬೆರಳಿನಿಂದ ತಟ್ಟಿ ನೋಡಿದಳು. "ತೆಳು ಐತ್ರಿ ಮೇಡಂ. ನಾವು ಇದನ್ನ ಅಂಗಡ್ಯಾಗ ಇಡಂಗಿಲ್ಲ," ಎಂದಳು. ಹೋಗುವ ಮೊದಲು ಪಕ್ಕದ ಮನೆಗೆ ಹೋಗಿ ಅದನ್ನು ಮುದುಕಿಗೆ ಕೊಟ್ಟು ಬಂದಳು. ಹೊರಗೆ ಮಹಾಂತೇಶ ಬೈಕಿನ ಮೇಲೆ ಕಾಯುತ್ತಿದ್ದ. ಅವನು ಏನಾಯಿತು ಎಂದು ಕೇಳಿದ್ದು ನನಗೆ ಕಾಣಿಸಿತು, ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಬೈಕು ಹೋಯಿತು.

ಸುದ್ದಿಗೆ ಬೈಕಿಗಿಂತ ವೇಗ ಹೆಚ್ಚು. ಆರೋಪ ಸಾಬೀತಾಗಿಲ್ಲ ಎಂಬ ಭಾಗ ಘಟಪ್ರಭೆ ದಾಟಲೇ ಇಲ್ಲ. ಮೂಡಲಗಿ ಮುಟ್ಟಿದ್ದು ಇಷ್ಟೇ, ಭಾಂಡೆ ಅಂಗಡಿ ಸೊಸೆ ಇಸ್ಪೀಟಿನಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದಳಂತೆ. ನಾನು ಅವಳ ಮಾವನನ್ನು ಹೋಗಿ ಕಂಡೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಗೌರವದಿಂದ ಚಹಾ ಕೊಡಿಸಿ, "ನೀವು ಹೇಳೋದು ಖರೆ ಇರಬೇಕ್ರಿ ಮೇಡಂ. ಆದ್ರ ಮಾತು ಬಂತಲ್ಲ. ಮಾತು ಬಂದ ಮ್ಯಾಲ ಮುಗೀತು," ಎಂದರು.

ಕೆಲವು ತಿಂಗಳ ಮೇಲೆ ಮತ್ತೆ ಆ ಅಂಗಡಿಗೆ ಹೋದೆ. ಕುಕ್ಕರ್ ಬೇಕಿತ್ತೆಂದು ನೆವ. ಸುವರ್ಣಾ ಗಲ್ಲೆಯ ಮೇಲೆ ಇರಲಿಲ್ಲ. ಅಲ್ಲಿ ಮೈದುನ ಕೂತಿದ್ದ, ಅವಳು ಒಳಗಿನ ಕೋಣೆಯಲ್ಲಿ ಪಾತ್ರೆಗಳಿಗೆ ಹೆಸರು ಕೊರೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದಳು. ನಾನು ಬೇಕೆಂದೇ ಚೌಕಾಶಿಗೆ ಇಳಿದೆ, ಅವಳ ಬಾಯಿ ಬಿಡಿಸಲು. ಬಾಗಿಲವರೆಗೂ ಹೋಗಿ ನಿಂತೆ. ಹಳೆಯ ಸುವರ್ಣಾ ಆಗಿದ್ದರೆ ನನ್ನ ಬಣ್ಣ ಬಯಲು ಮಾಡಿ ನಗುತ್ತಿದ್ದಳು. ಇವಳು, "ನಿಮಗ ತಿಳಿದಷ್ಟ ಕೊಡ್ರಿ ಮೇಡಂ," ಎಂದಳು. ನಾನು ಕುಕ್ಕರ್ ತೆಗೆದುಕೊಂಡು ಬಂದೆ. ಆ ದಿನ ಬಸ್ಸಿನಲ್ಲಿ ನನಗೆ ಅಳು ಬಂತು. ಅರವತ್ತು ದಾಟಿದವಳು ಕುಕ್ಕರ್ ಮಡಿಲಲ್ಲಿಟ್ಟುಕೊಂಡು ಅಳುವುದನ್ನು ಕಂಡು ಪಕ್ಕದವಳು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ನಾನು ಕೆಲಸ ಬಿಡಲಿಲ್ಲ. ಬಿಟ್ಟರೆ ಅವರಿಗೆ ಇನ್ನೊಂದು ಸಮಾಧಾನವಾಗುತ್ತಿತ್ತು. ಮುಂದಿನ ವರ್ಷ ಅಣ್ಣಪ್ಪ ಕರೆದಾಗ ಒಂದೇ ಷರತ್ತು ಹಾಕಿದೆ. ಎಲೆಗಳನ್ನು ಜೋಡಿಸುವ ಮೊದಲು, ಟೇಬಲ್ ಹಾಕುವ ಮೊದಲು, ಹೆಂಗಸರ ಶೌಚಾಲಯದ ಕೀಲಿ ನನ್ನ ಕೈಗೆ ಬರಬೇಕು. ಒಂದೇ ಬಗೆಯ ಎಲೆ ಹಂಚಿದರೆ ಆಟ ನ್ಯಾಯದ್ದಾಗುತ್ತದೆ ಎಂದು ನಂಬಿದ್ದವಳು ನಾನು. ಎಲೆ ಹಂಚುವುದಕ್ಕೂ ಎಷ್ಟೋ ಮೊದಲೇ ಆಟ ಶುರುವಾಗಿರುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಹಾಗಾಗಿ ಈಗ ಯಾವ ಊರಿನ ಪಂದ್ಯಕ್ಕೆ ಹೋದರೂ ಮೊದಲು ನೋಡುವುದು ಆ ಬಾಗಿಲನ್ನು.

ಅಣ್ಣಪ್ಪ ಮಾತು ಉಳಿಸಿಕೊಂಡರು. ಹುಕ್ಕೇರಿಯ ಅದೇ ಮಂಟಪದಲ್ಲಿ ಹಂಡೆಗಳನ್ನು ಹೊರಗೆ ಹಾಕಿಸಿ, ನೆಲ ತೊಳೆಸಿ, ಹೊಸ ಬಲ್ಬು ಹಾಕಿಸಿ, ಕೀಲಿಯನ್ನು ತಾವೇ ತಂದು ಕೊಟ್ಟರು. ನಾನು ಅದನ್ನು ಸೀಟಿಯ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಆಟಗಾರರು ಬಂದರು, ಟೇಬಲ್ಲುಗಳು ತುಂಬಿದವು. ಇಪ್ಪತ್ನಾಲ್ಕು ಜನರೂ ಗಂಡಸರು. ಸಂಜೆಯವರೆಗೆ ಆ ಕೀಲಿಯನ್ನು ನನ್ನ ಬಳಿ ಯಾರೂ ಕೇಳಲಿಲ್ಲ.